'ಲಾರಾ' ಸಿನಿಮಾನ ಕಿವಿ ಕೊಟ್ಟು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಹಾಲಿವುಡ್ಡಿನ ಒಂದು ಒಳ್ಳೇ ಪತ್ತೇದಾರಿ ಸಿನಿಮಾ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ, ನಾನು ಸಂಗೀತದ ಕಡೆಯವನು, ಹಾಗಾಗಿ ಬೇರೆ ಯೋಚನೇನೇ ಬರ್ಲಿಲ್ಲ, 'ಲಾರಾ' ಅಂದೆ. 1944ರ ಸಿನಿಮಾ ಇದು, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿದು, ಡೈರೆಕ್ಟರ್ ಆಟೋ ಪ್ರೆಮಿಂಜರ್, ಕಪ್ಪು ಬಿಳುಪು, ಒಂದೂವರೆ ಗಂಟೆ ಕೂಡ ಇಲ್ಲ. ವೆರಾ ಕ್ಯಾಸ್ಪರಿ ಅನ್ನೋ ಲೇಖಕಿ ಬರೆದ ಕಾದಂಬರಿ ಮೇಲೆ ಮಾಡಿದ್ದು. ಈ ಸಿನಿಮಾ ಬಗ್ಗೆ ಹೇಳಕ್ಕೆ ನೂರು ವಿಷಯ ಇದೆ, ನಾನು ಮಾತ್ರ ಒಂದೇ ವಿಷಯ ಹೇಳ್ತೀನಿ, ಅದನ್ನೇ ತಿರುಗಿಸಿ ತಿರುಗಿಸಿ ಹೇಳ್ತೀನಿ. ಲಾರಾ ಸಿನಿಮಾನ ಕಿವಿ ಕೊಟ್ಟು ನೋಡಿ.

ಕೊಲೆ ಸಿನಿಮಾ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಕೊಲೆ ಮಾಡಿದ್ದು ಯಾರು? ಸರಿ, ಅದು ಬೇಕು, ಇಲ್ಲ ಅನ್ನಲ್ಲ. ಆದ್ರೆ ಅದು ಒಂದು ಸಲ ಗೊತ್ತಾದ್ರೆ ಮುಗೀತು, ಆಮೇಲೆ ಎರಡನೇ ಸಲ, ಮೂರನೇ ಸಲ ಯಾಕೆ ನೋಡ್ತಾರೆ ಜನ? ಎಂಬತ್ತು ವರ್ಷ ಆದ್ಮೇಲೂ ಯಾಕೆ ನೋಡ್ತಾರೆ? ಅದಕ್ಕೆ ಉತ್ತರ ಈ ಸಿನಿಮಾದ ಟ್ಯೂನಲ್ಲಿದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಮೊದಲು ಕತೆ ಹೇಳ್ಬಿಡ್ತೀನಿ. ನ್ಯೂಯಾರ್ಕ್ ಊರು. ಲಾರಾ ಹಂಟ್ ಅಂತ ಒಬ್ಬಳು ಹುಡುಗಿ, ಜಾಹೀರಾತು ಕಂಪನೀಲಿ ತನ್ನ ಬುದ್ಧಿಯಿಂದ ಮೇಲಕ್ಕೆ ಬಂದವಳು. ಒಂದು ವಾರಾಂತ್ಯ ಅವಳ ಮನೇ ಬಾಗಿಲ ಹತ್ರಾನೇ ಹೆಣ ಬಿದ್ದಿರುತ್ತೆ, ಮುಖಕ್ಕೆ ಬಂದೂಕಲ್ಲಿ ಹೊಡೆದಿದ್ದಾರೆ, ಗುರುತು ಸಿಗದ ಹಾಗೆ. ಪತ್ತೆ ಮಾಡಕ್ಕೆ ಬರೋನು ಮಾರ್ಕ್ ಮೆಕ್‌ಫರ್ಸನ್ ಅನ್ನೋ ಪೊಲೀಸ್ ಡಿಟೆಕ್ಟಿವ್, ಡೇನಾ ಆಂಡ್ರೂಸ್ ಮಾಡಿರೋ ಪಾತ್ರ. ಕಮ್ಮಿ ಮಾತಿನವನು. ಜೇಬಲ್ಲಿ ಒಂದು ಆಟದ ಸಾಮಾನು ಇಟ್ಕೊಂಡಿರ್ತಾನೆ, ಸಣ್ಣ ಸಣ್ಣ ಗುಂಡುಗಳನ್ನ ಅಲ್ಲಾಡಿಸಿ ತೂತಲ್ಲಿ ಕೂರಿಸೋದು ಇರುತ್ತಲ್ಲ, ಅಂಥದ್ದು, ಎದುರಿಗಿರೋರು ಸುಳ್ಳು ಹೇಳ್ತಾ ಇದ್ರೆ ಇವನು ತಲೆ ಬಗ್ಗಿಸ್ಕೊಂಡು ಆ ಗುಂಡು ಆಡಿಸ್ತಾ ಕೂತಿರ್ತಾನೆ. ಅನುಮಾನ ಬರೋ ಜನ ಮೂವರು. ವಾಲ್ಡೋ ಲೈಡೆಕರ್ ಅನ್ನೋ ಅಂಕಣಕಾರ, ನಾಲಿಗೆ ಅಂದ್ರೆ ಚೂರಿ, ಲಾರಾನ ದೊಡ್ಡವಳು ಮಾಡಿದ್ದೇ ನಾನು ಅಂತ ತಿಳ್ಕೊಂಡಿರೋನು. ಶೆಲ್ಬಿ ಕಾರ್ಪೆಂಟರ್ ಅಂತ ಲಾರಾನ ಮದುವೆ ಆಗಬೇಕಿದ್ದ ಚೆಂದದ ಗಂಡು, ಇದು ವಿನ್ಸೆಂಟ್ ಪ್ರೈಸ್. ಆಮೇಲೆ ಆ ಶೆಲ್ಬಿ ಮೇಲೆ ಕಣ್ಣಿಟ್ಟಿರೋ ಲಾರಾಳ ಚಿಕ್ಕಮ್ಮ.

ಈಗ ಒಂದು ಗುಟ್ಟು ಹೇಳ್ಲೇಬೇಕು, ಇಲ್ದಿದ್ರೆ ನನ್ನ ಮಾತು ಮುಂದೆ ಹೋಗಲ್ಲ. ಕೊಲೆಗಾರನ ಹೆಸರು ಹೇಳಲ್ಲ, ಭಯ ಬೇಡ. ಗುಟ್ಟು ಏನಂದ್ರೆ, ಸಿನಿಮಾ ಅರ್ಧ ಆಗೋ ಹೊತ್ತಿಗೆ ಲಾರಾ ಜೀವಂತವಾಗಿ ಬಾಗಿಲು ತೆಗೆದು ಒಳಗೆ ಬರ್ತಾಳೆ! ಸತ್ತವಳು ಬೇರೆ ಹುಡುಗಿ. ಅಲ್ಲಿ ತನಕ ಲಾರಾ ನಮಗೆ ಸಿಗೋದು ಬೇರೆಯವರ ನೆನಪಲ್ಲಿ, ಗೋಡೆ ಮೇಲಿನ ಒಂದು ಚಿತ್ರದಲ್ಲಿ, ಮತ್ತೆ ಟ್ಯೂನಲ್ಲಿ. ಇದನ್ನ ಸ್ವಲ್ಪ ಯೋಚನೆ ಮಾಡಿ ನೋಡಿ. ನಾಯಕಿ ಇಲ್ಲ, ಆದ್ರೂ ಅವಳು ಮನೆ ತುಂಬಾ ಇದ್ದಾಳೆ ಅಂತ ಅನ್ನಿಸಬೇಕು, ಡಿಟೆಕ್ಟಿವ್ ಅವಳ ಮೇಲೆ ಮನಸ್ಸಿಟ್ಟಿದ್ದಾನೆ ಅಂದ್ರೆ ನಾವು ನಂಬಬೇಕು. ಈ ಕೆಲಸ ಯಾರು ಮಾಡ್ತಾರೆ? ಟ್ಯೂನ್ ಮಾಡುತ್ತೆ.

ಮತ್ತೆ ಇಡೀ ಸಿನಿಮಾಗೆ ಹೆಚ್ಚು ಕಮ್ಮಿ ಒಂದೇ ಟ್ಯೂನು. ಡಿಟೆಕ್ಟಿವ್‌ಗೊಂದು, ವಾಲ್ಡೋಗೊಂದು, ಕೊಲೆಗೊಂದು ಅಂತ ಹಂಚಿಲ್ಲ. ಟೈಟಲ್ ಬರೋವಾಗ ಗೋಡೆ ಮೇಲಿನ ಆ ಲಾರಾ ಚಿತ್ರ ತೋರಿಸ್ತಾ ಅದೇ ಟ್ಯೂನ್ ಬರುತ್ತೆ. ಆಮೇಲೆ ಲಾರಾ ಮನೇಲಿ ಡಿಟೆಕ್ಟಿವ್ ಗ್ರಾಮಫೋನ್ ಹಾಕ್ತಾನೆ, ಅದೇ ಟ್ಯೂನ್ ಬರುತ್ತೆ, ವಾಲ್ಡೋಗೆ ತಡ್ಕೊಳಕ್ಕೆ ಆಗಲ್ಲ, ಅದನ್ನ ನಿಲ್ಲಿಸ್ತೀರಾ ಅಂತಾನೆ, ಇದು ಲಾರಾಗೆ ತುಂಬಾ ಇಷ್ಟದ್ದು ಅಂತ ಶೆಲ್ಬಿ ಹೇಳ್ತಾನೆ. ಹೋಟೆಲಲ್ಲಿ ವಾದ್ಯದವರು ನುಡಿಸೋದೂ ಅದನ್ನೇ. ಅಂದ್ರೆ ನಮ್ಮ ಕಿವಿಗೆ ಬೀಳೋ ಟ್ಯೂನು ಆ ಪಾತ್ರಗಳ ಕಿವಿಗೂ ಬೀಳ್ತಿದೆ, ಅವರೂ ಅದರಿಂದ ತಪ್ಪಿಸ್ಕೊಳಕ್ಕೆ ಆಗ್ತಿಲ್ಲ. ಹಿನ್ನೆಲೆ ಸಂಗೀತ ಅಂದ್ರೆ ಖಾಲಿ ಜಾಗ ತುಂಬಿಸೋದು ಅಂತ ಹೇಳೋರು ನನಗೆ ಆಗಾಗ ಸಿಗ್ತಾರೆ, ದಯವಿಟ್ಟು ಹಾಗೆ ಹೇಳ್ಬೇಡಿ, ಈ ಸಿನಿಮಾ ನೋಡಿ ಆಮೇಲೆ ಮಾತಾಡಿ.

ಈ ಟ್ಯೂನ್ ಮಾಡಿದವನು ಡೇವಿಡ್ ರಾಕ್ಸಿನ್. ಫಿಲಡೆಲ್ಫಿಯಾದವನು, ಇಪ್ಪತ್ತು ದಾಟಿ ಸ್ವಲ್ಪ ದಿನಕ್ಕೇ ಚಾರ್ಲಿ ಚಾಪ್ಲಿನ್ ಜೊತೆ 'ಮಾಡರ್ನ್ ಟೈಮ್ಸ್' ಸಂಗೀತಕ್ಕೆ ಕೆಲಸ ಮಾಡಿದ್ದ. ಲಾರಾ ಹೊತ್ತಿಗೆ ಅವನಿಗೆ ಮೂವತ್ತೆರಡರ ಆಸುಪಾಸು. ಫಾಕ್ಸ್ ಸ್ಟುಡಿಯೋ ಸಂಗೀತ ವಿಭಾಗದ ಮುಖ್ಯಸ್ಥ ಆಲ್ಫ್ರೆಡ್ ನ್ಯೂಮನ್, ಅವನು ಬೇಡ ಅಂದ ಸಿನಿಮಾ ಕೈ ಬದಲಾಯಿಸಿ ಈ ಹುಡುಗನ ಹತ್ರ ಬಂತು. ಇಲ್ಲಿಂದ ಮುಂದಿನ ಕತೆ ರಾಕ್ಸಿನ್ ಜೀವನಪೂರ್ತಿ ಹೇಳ್ಕೊಂಡು ಬಂದಿದ್ದು, ನಾನೂ ನನ್ನ ಹತ್ರ ಕಲಿಯಕ್ಕೆ ಬರೋ ಎಲ್ಲರಿಗೂ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಕೇಳಿ.

ಪ್ರೆಮಿಂಜರ್ ತಲೇಲಿ ಆಗಲೇ ಒಂದು ಹಾಡು ಕೂತಿತ್ತು, ಜಾಝ್ ಸಂಗೀತದ ದೊಡ್ಡ ಹೆಸರು ಡ್ಯೂಕ್ ಎಲಿಂಗ್ಟನ್ ಅವರ 'ಸೋಫಿಸ್ಟಿಕೇಟೆಡ್ ಲೇಡಿ'. ಅದನ್ನೇ ಲಾರಾಗೆ ಹಾಕೋಣ ಅಂದ. ಎಲಿಂಗ್ಟನ್ ಅಂದ್ರೆ ಸಾಮಾನ್ಯ ಮನುಷ್ಯ ಅಲ್ಲ, ಹಾಡೂ ಬಹಳ ಚೆನ್ನಾಗಿದೆ, ಬೇರೆ ಯಾರೇ ಆಗಿದ್ರೂ ಆಯ್ತು ಸಾರ್ ಅಂತಿದ್ರು. ರಾಕ್ಸಿನ್ ಒಪ್ಪಲಿಲ್ಲ. ಹಾಡು ಚೆನ್ನಾಗಿಲ್ಲ ಅಂತಲ್ಲ, ಅದು ಎಲ್ಲರಿಗೂ ಗೊತ್ತಿರೋ ಹಾಡು, ಕೇಳೋ ಪ್ರತಿಯೊಬ್ಬನಿಗೂ ಅದರ ಜೊತೆ ತನ್ನದೇ ಯಾವುದೋ ನೆನಪು ಅಂಟಿರುತ್ತೆ, ಆ ನೆನಪೆಲ್ಲ ಹೊತ್ಕೊಂಡು ಬಂದ್ರೆ ಲಾರಾಗೆ ಜಾಗ ಎಲ್ಲಿ? ಅವಳಿಗೆ ಅವಳದೇ ಟ್ಯೂನ್ ಬೇಕು ಅಂತ ವಾದ ಮಾಡಿದ. ಎಷ್ಟು ಸರಿಯಾದ ಮಾತು ನೋಡಿ! ಇವತ್ತು ಹಳೇ ಹಿಟ್ ಹಾಡು ತಂದು ಸೀನಿಗೆ ಅಂಟಿಸೋರೆಲ್ಲ ಇದನ್ನ ಒಂದು ಸಲ ಕೇಳಿಸ್ಕೋಬೇಕು. ಪ್ರೆಮಿಂಜರ್ ಸುಲಭಕ್ಕೆ ಬಗ್ಗೋ ಆಳಲ್ಲ, ಸೆಟ್ಟಲ್ಲಿ ಕೂಗಾಡೋದಕ್ಕೇ ಹೆಸರಾದವನು. ಕೊನೆಗೆ ಏನಾಯ್ತು ಅಂದ್ರೆ, ಅವತ್ತು ಶುಕ್ರವಾರ, ಸೋಮವಾರದೊಳಗೆ ಇದಕ್ಕಿಂತ ಒಳ್ಳೇದು ತಂದ್ರೆ ಸರಿ, ಇಲ್ಲಾಂದ್ರೆ ಎಲಿಂಗ್ಟನ್ ಹಾಡೇ ಅಂತ ತೀರ್ಮಾನ ಆಯ್ತು.

ಶನಿವಾರ ಎಲ್ಲಾ ಕೂತು ಬರೆದ, ಒಂದೂ ಹಿಡಿಸಲಿಲ್ಲ. ಬರೀತಾನೆ, ಬಿಡ್ತಾನೆ. ಅದೇ ಶನಿವಾರ ಅವನ ಹೆಂಡತಿಯಿಂದ ಒಂದು ಕಾಗದ ಬಂದಿತ್ತು, ಅವಳು ಆಗ ಊರಲ್ಲಿರ್ಲಿಲ್ಲ. ಓದಿದ, ಅರ್ಥ ಆಗ್ಲಿಲ್ಲ, ಮಡಚಿ ಜೇಬಲ್ಲಿ ಇಟ್ಕೊಂಡ. ಭಾನುವಾರ ರಾತ್ರಿ ಆಯ್ತು, ಬೆಳಗಾದ್ರೆ ಸೋಮವಾರ, ಕೈಯಲ್ಲಿ ಏನೂ ಇಲ್ಲ. ಅವನಿಗೆ ಹುಡುಗನಾಗಿದ್ದಾಗಿಂದ ಒಂದು ಅಭ್ಯಾಸ, ಏನೂ ಹೊಳೀದೆ ಇದ್ದಾಗ ಪಿಯಾನೋ ಮೇಲೆ ಒಂದು ಪುಸ್ತಕಾನೋ ಪದ್ಯಾನೋ ನಿಲ್ಲಿಸ್ಕೊಂಡು, ಅದನ್ನ ನೋಡ್ತಾ ಸುಮ್ಮನೆ ಬೆರಳಾಡಿಸೋದು. ಅವತ್ತು ಜೇಬಲ್ಲಿ ಕಾಗದ ಇತ್ತಲ್ಲ, ಅದನ್ನೇ ತೆಗೆದು ನಿಲ್ಲಿಸ್ದ. ನುಡಿಸ್ತಾ ನುಡಿಸ್ತಾ ಅಕ್ಷರಗಳ ಮೇಲೆ ಕಣ್ಣು ಹೋಗ್ತಿದೆ, ಹಾಗೇ ಹೋಗ್ತಾ ಹೋಗ್ತಾ ಅರ್ಥ ಆಯ್ತು, ಅವಳು ಬಿಟ್ಟು ಹೋಗ್ತಿದ್ದಾಳೆ, ಇದು ವಿದಾಯದ ಕಾಗದ. ಅದು ಅರ್ಥ ಆದ ಹೊತ್ತಲ್ಲೇ ಬೆರಳ ಕೆಳಗೆ ಟ್ಯೂನ್ ಬಂತು. ಸೋಮವಾರ ತಗೊಂಡು ಹೋದ, ಪ್ರೆಮಿಂಜರ್ ಒಪ್ಕೊಂಡ. ಇಷ್ಟೇ.

ಈಗ ಆ ಟ್ಯೂನ್ ಕೇಳಿ ನೋಡಿ. ಸಂಗೀತ ಕಲಿತಿರೋರಿಗೆ ಹೇಳ್ತೀನಿ, ಅದು ಷಡ್ಜದಲ್ಲಿ ಬಂದು ಕೂರಲ್ಲ. ಇದು ಆಧಾರ ಅಂತ ನೀವು ಹಿಡ್ಕೊಳ್ಳೋದ್ರೊಳಗೆ ಒಂದು ಮೆಟ್ಟಿಲು ಕೆಳಗೆ ಜಾರಿ ಬೇರೆ ಆಧಾರ ಹಿಡಿದಿರುತ್ತೆ, ಅಲ್ಲೂ ನಿಲ್ಲಲ್ಲ, ಮತ್ತೆ ಹೊರಡುತ್ತೆ, ಮನೇಗೆ ಬರೋದು ಕೊನೇ ಸಾಲಲ್ಲಿ. ಸಂಗೀತ ಕಲಿಯದೇ ಇರೋರಿಗೂ ಇದು ಗೊತ್ತಾಗುತ್ತೆ, ಏನೋ ಕೈಗೆ ಸಿಕ್ಕ ಹಾಗೆ ಆಗಿ ಸಿಗದೇ ಹೋಗ್ತಿದೆ ಅನ್ನಿಸುತ್ತೆ. ಅದೇ ಅಲ್ವಾ ಲಾರಾ? ವಾಲ್ಡೋ ಕೈಗೂ ಸಿಗಲ್ಲ, ಶೆಲ್ಬಿ ಕೈಗೂ ಸಿಗಲ್ಲ.

ಕತೆ ಹೇಳ್ತಾ ಟೈಮ್ ಹೋಯ್ತು, ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದ್ದಾರೆ. ಆದ್ರೂ ಆ ರಾತ್ರಿ ಸೀನ್ ಹೇಳ್ದೆ ಹೋಗಲ್ಲ.

ಹೊರಗೆ ಮಳೆ. ಡಿಟೆಕ್ಟಿವ್ ಒಬ್ಬನೇ ಲಾರಾ ಮನೆಗೆ ಬರ್ತಾನೆ. ಅವಳ ಕಾಗದ ಪತ್ರ ನೋಡ್ತಾನೆ, ಬೆಡ್‌ರೂಮಿಗೆ ಹೋಗ್ತಾನೆ, ಡ್ರಾ ಎಳೀತಾನೆ, ಸೆಂಟಿನ ಬಾಟಲಿ ಮೂಸಿ ನೋಡ್ತಾನೆ, ಬಟ್ಟೆ ಬೀರು ತೆಗೀತಾನೆ, ಮತ್ತೆ ಈಚೆ ಬಂದು ಗ್ಲಾಸಿಗೆ ಸುರ್ಕೊಂಡು ಚಿತ್ರದ ಮುಂದೆ ನಿಲ್ತಾನೆ. ಮಾತು ಇಲ್ಲ ಅನ್ನೋ ಅಷ್ಟು ಕಮ್ಮಿ. ಸ್ಟುಡಿಯೋ ಯಜಮಾನ ಡ್ಯಾರಿಲ್ ಜಾನುಕ್ ಈ ಸೀನ್ ನೋಡಿ, ಇವನು ಸುಮ್ಮನೆ ಓಡಾಡ್ತಿದ್ದಾನೆ, ಉದ್ದ ಆಯ್ತು, ಕತ್ತರಿಸಿ ಅಂದ. ಆಗ ಅಲ್ಲಿದ್ದವರಲ್ಲಿ ಬಾಯಿಬಿಟ್ಟವನು ನಮ್ಮ ರಾಕ್ಸಿನ್, ಇದನ್ನ ಕತ್ತರಿಸಿದ್ರೆ ಡಿಟೆಕ್ಟಿವ್ ಲಾರಾನ ಪ್ರೀತಿಸ್ತಿದ್ದಾನೆ ಅಂತ ಯಾರಿಗೂ ಗೊತ್ತಾಗಲ್ಲ, ಸಂಗೀತ ಹಾಕಕ್ಕೆ ಬಿಡಿ, ಆಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಕತ್ತರಿಸಿ ಅಂದ. ಜಾನುಕ್ ಒಪ್ಪಿದ. ಸೀನ್ ಉಳೀತು. ಇವತ್ತು ಲಾರಾ ಅಂದ್ರೆ ಸಿನಿಮಾ ಗೊತ್ತಿರೋರಿಗೆಲ್ಲ ಮೊದಲು ನೆನಪಾಗೋ ಸೀನ್ ಇದು!

ಅಲ್ಲಿ ರಾಕ್ಸಿನ್ ಮಾಡಿರೋ ಒಂದು ಕೆಲಸ ಗಮನಿಸಿ. ಪಿಯಾನೋ ಕೀ ಒತ್ತಿದ್ರೆ ಠಣ್ ಅನ್ನುತ್ತೆ. ಅದರಲ್ಲಿ ಮೊದಲ ಠ ರೆಕಾರ್ಡ್ ಆಗದ ಹಾಗೆ ನೋಡ್ಕೊಂಡು ಬರೀ ಣ್ ಅನ್ನೋ ಗುಂಯ್‌ಗುಡುವಿಕೆ ಮಾತ್ರ ಉಳಿಸ್ಕೊಂಡ, ಆಮೇಲೆ ಅದನ್ನ ಸ್ವಲ್ಪ ನಡುಗೋ ಹಾಗೆ ಮಾಡಿದ. ಕೇಳಿದ್ರೆ ಪಿಯಾನೋ ಅಂತ ಗೊತ್ತಾಗುತ್ತೆ, ಯಾರೂ ನುಡಿಸ್ತಿಲ್ಲ ಅಂತಲೂ ಅನ್ನಿಸುತ್ತೆ. ಕಂಪ್ಯೂಟರ್ ಇಲ್ದೇ ಇರೋ ಕಾಲ, ಇಸವಿ 1944! ಆಮೇಲೆ ಡಿಟೆಕ್ಟಿವ್ ಕುರ್ಚೀಲಿ ನಿದ್ದೆ ಹೋಗ್ತಾನೆ, ಕ್ಯಾಮೆರಾ ಹತ್ರ ಹೋಗಿ ಹಿಂದಕ್ಕೆ ಬರುತ್ತೆ, ಬಾಗಿಲು ತೆಗೆಯುತ್ತೆ, ಲಾರಾ ಬರ್ತಾಳೆ. ಕನಸೋ ನಿಜಾನೋ ಅಂತ ಒಂದು ಕ್ಷಣ ನಮಗೂ ಗೊತ್ತಾಗಲ್ಲ, ಯಾಕಂದ್ರೆ ಅಷ್ಟು ಹೊತ್ತು ಆ ಸಂಗೀತ ನಮ್ಮನ್ನ ಅಲ್ಲಿಗೆ ತಂದು ನಿಲ್ಲಿಸಿದೆ.

ಉಳಿದಿದ್ದು ಬೇಗ ಹೇಳ್ತೀನಿ. ಸಿನಿಮಾ ಶುರು ಮಾಡಿದ್ದು ಬೇರೆ ಡೈರೆಕ್ಟರು, ರೂಬೆನ್ ಮಮೂಲಿಯನ್, ಅವನನ್ನ ತೆಗೆದು ಪ್ರೆಮಿಂಜರ್ ಕೈಗೆ ಕೊಟ್ಟರು. ಆ ಗೋಡೆ ಮೇಲಿನ ಚಿತ್ರ ನಿಜವಾಗಿ ಪೇಂಟಿಂಗ್ ಅಲ್ಲ, ಲಾರಾ ಪಾತ್ರ ಮಾಡಿದ ಜೀನ್ ಟಿಯರ್ನಿ ಫೋಟೋನ ದೊಡ್ಡದು ಮಾಡಿ ಮೇಲೆ ಬಣ್ಣ ಹಚ್ಚಿದ್ದು. ವಾಲ್ಡೋ ಪಾತ್ರದ ಕ್ಲಿಫ್ಟನ್ ವೆಬ್ ಬೇಡ ಅಂತಿದ್ದ ಜಾನುಕ್, ಪ್ರೆಮಿಂಜರ್ ಹಟ ಹಿಡಿದು ಹಾಕಿಸಿದ, ವೆಬ್ ಧ್ವನಿ ಕೇಳಿದ್ರೆ ಯಾಕೆ ಅಂತ ಗೊತ್ತಾಗುತ್ತೆ, ಸಿನಿಮಾ ಶುರುವಾಗೋದೇ ಕತ್ತಲಲ್ಲಿ ಆ ಧ್ವನಿಯಿಂದ, ಮತ್ತೆ ಕಿವಿಗೇ ಕೆಲಸ. ಐದು ಆಸ್ಕರ್ ನಾಮಿನೇಷನ್ ಬಂತು, ಗೆದ್ದಿದ್ದು ಒಂದು, ಜೋಸೆಫ್ ಲಾಶೆಲ್ ಅವರ ಛಾಯಾಗ್ರಹಣಕ್ಕೆ. ಸಂಗೀತಕ್ಕೆ ನಾಮಿನೇಷನ್ ಕೂಡ ಇಲ್ಲ. ಇದನ್ನ ಹೇಳೋವಾಗ ನನಗೆ ಈಗಲೂ ಸಿಟ್ಟು ಬರುತ್ತೆ. ಆದ್ರೆ ಜನ ಬಿಡ್ಲಿಲ್ಲ, ಆ ಟ್ಯೂನಿಗೆ ಸಾಹಿತ್ಯ ಬೇಕು ಅಂತ ಸ್ಟುಡಿಯೋಗೆ ಕಾಗದ ಬಂತು, 1945ರಲ್ಲಿ ಜಾನಿ ಮರ್ಸರ್ ಹಾಡು ಬರೆದ್ರು, ಅಲ್ಲಿಂದ ಫ್ರಾಂಕ್ ಸಿನಾಟ್ರಾ, ಎಲಾ ಫಿಟ್ಜೆರಾಲ್ಡ್, ಚಾರ್ಲಿ ಪಾರ್ಕರ್ ಅಂತ ನೂರಾರು ಜನ ಹಾಡಿದ್ರು, ನುಡಿಸಿದ್ರು.

ನೋಡೋವಾಗ ಇಷ್ಟು ಮಾಡಿ. ಫೋನಿನ ಸಣ್ಣ ಸ್ಪೀಕರಲ್ಲಿ ನೋಡ್ಬೇಡಿ, ಇಯರ್‌ಫೋನ್ ಹಾಕ್ಕೊಳ್ಳಿ. ಆ ಮಳೆ ರಾತ್ರಿ ಸೀನ್ ಮೊದಲು ಸೌಂಡ್ ಪೂರ್ತಿ ತೆಗೆದು ನೋಡಿ, ಜಾನುಕ್ ಹೇಳಿದ್ದೇ ಸರಿ ಅನ್ನಿಸುತ್ತೆ, ಒಬ್ಬ ಮನುಷ್ಯ ಸುಮ್ಮನೆ ಮನೆ ತುಂಬಾ ಓಡಾಡ್ತಿದ್ದಾನೆ. ಹಿಂದಕ್ಕೆ ಹೋಗಿ ಸೌಂಡ್ ಹಾಕಿ ಅದೇ ಸೀನ್ ಮತ್ತೆ ನೋಡಿ. ಇನ್ನೊಂದು, ಕ್ಲೈಮ್ಯಾಕ್ಸಲ್ಲಿ ಲಾರಾ ಮನೇಲಿ ಒಂದು ರೇಡಿಯೋ ಹಾಕಿರ್ತಾಳೆ, ಅದರಲ್ಲಿ ಬರೋ ಧ್ವನಿ ಆ ಹೊತ್ತಿನದಾ, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದಾ ಅಂತ ಗಮನ ಕೊಡಿ, ಯಾಕೆ ಅಂತ ನಾನು ಹೇಳಲ್ಲ. ನಮಸ್ಕಾರ.