ರಾಣಿಯ ಗಂಡ ರಾಜನೋ, ಬರೀ ಗಂಡನೋ?

ಮಧ್ಯಯುಗದ ರಾಜವಂಶ ನಡೆಸುವ ಕಂಪ್ಯೂಟರ್ ಆಟ ಕ್ರುಸೇಡರ್ ಕಿಂಗ್ಸ್ 3 ಆಡುವವರು ಒಂದಲ್ಲ ಒಂದು ಸಲ ರಾಣಿಯಾಗಿ ಆಡಿರುತ್ತೀರಿ. ಒಳ್ಳೆ ಗಂಡು ಹುಡುಕುತ್ತೀರಿ, ಮಕ್ಕಳು ತಾಯಿಯ ವಂಶಕ್ಕೇ ಸೇರಲಿ ಅಂತ ಮೆಟ್ರಿಲೀನಿಯಲ್ ಮದುವೆ ಆರಿಸುತ್ತೀರಿ, ಅವನು ಬಂದು ಕೌನ್ಸಿಲ್‌ನಲ್ಲಿ ಕೂರುತ್ತಾನೆ, ಅವನ ಜಾಣತನದಲ್ಲಿ ಒಂದು ಪಾಲು ನಿಮ್ಮ ಅಂಕಕ್ಕೆ ಸೇರುತ್ತದೆ. ಮುಗೀತು. ರಾಣಿಯ ಗಂಡ ಅಂತ ಅವನನ್ನು ಯಾವ ಬಿರುದಿನಿಂದ ಕರೆದರೂ ಆಟದಲ್ಲಿ ಏನೂ ಬದಲಾಗಲ್ಲ. ರಾಣಿ ಸತ್ತರೆ ಪಟ್ಟ ವಾರಸುದಾರರಿಗೆ ಹೋಗುತ್ತದೆ, ಇವನು ಆಸ್ಥಾನದ ಮೂಲೆಯಲ್ಲಿ ಉಳಿದುಬಿಡುತ್ತಾನೆ.

ನನಗೆ ಇದು ಸರಿ ಕಾಣಲ್ಲ. ಆ ಕಾಲದಲ್ಲಿ ಅರ್ಧ ಜಗಳ ನಡೆದದ್ದೇ ಆ ಬಿರುದಿಗಾಗಿ.

1186ರ ಜೆರುಸಲೇಮ್ ನೋಡಿ. ಪುಟ್ಟ ರಾಜ ಐದನೇ ಬಾಲ್ಡ್ವಿನ್ ತೀರಿಹೋದ. ಪಟ್ಟ ಅವನ ತಾಯಿ ಸಿಬಿಲ್ಲಾಗೆ ಬರಬೇಕು. ಆದರೆ ಆಕೆಯ ಗಂಡ ಗೀ ಅಂದರೆ ಎಷ್ಟೋ ಸರದಾರರಿಗೆ ಆಗಲ್ಲ. ಅವನನ್ನು ಬಿಟ್ಟರೆ ಮಾತ್ರ ಕಿರೀಟ ಅಂದರಂತೆ. ಆಯ್ತು, ಮುಂದಿನ ಗಂಡನನ್ನು ನಾನೇ ಆರಿಸುತ್ತೇನೆ ಅಂತ ಆಕೆ ಷರತ್ತು ಹಾಕಿದಳು, ಇವರೂ ಒಪ್ಪಿದರು. ಚರ್ಚ್‌ನಲ್ಲಿ ಆಕೆಯ ತಲೆಗೆ ಕಿರೀಟ ಇಟ್ಟಾಯ್ತು, ಪಕ್ಕದಲ್ಲಿ ಎರಡನೇ ಕಿರೀಟ ಕಾಯುತ್ತಿತ್ತು. ಆಕೆ ಗೀಯನ್ನೇ ಕರೆದಳು. ಅವನು ಮುಂದೆ ಬಂದು ಮಂಡಿಯೂರಿದ, ಆಕೆಯೇ ತನ್ನ ಕೈಯಾರೆ ಅವನ ತಲೆಗೆ ಕಿರೀಟ ಇಟ್ಟಳು. ಇಡೀ ಸಭೆ ನೋಡುತ್ತಾ ನಿಂತಿತ್ತು! ನಾಲ್ಕು ವರ್ಷ ಕಳೆದು, 1190ರಲ್ಲಿ, ಅಕ್ಕಾ ಅನ್ನೋ ಊರಿನ ಮುತ್ತಿಗೆಯ ಬಿಡಾರದಲ್ಲಿ ಸಿಬಿಲ್ಲಾ ರೋಗದಿಂದ ಸತ್ತಳು, ಹೆಣ್ಣುಮಕ್ಕಳೂ ಹೋದವು. ಗೀಯ ಕಾಲಡಿಯ ನೆಲವೇ ಕುಸಿಯಿತು. ಅವನ ರಾಜತನ ಹೆಂಡತಿಯ ಸೆರಗಿಗೆ ಕಟ್ಟಿದ್ದ ಗಂಟು, ಅಲ್ವಾ? ಸಿಬಿಲ್ಲಾಳ ಮಲತಂಗಿ ಇಸಾಬೆಲ್ಲಾಳ ಮದುವೆಯನ್ನು ಮುರಿಸಿ, ಗೀಯ ಎದುರಾಳಿ ಕಾನ್ರಾಡ್‌ಗೆ ಕೊಟ್ಟು, ಇನ್ನೊಬ್ಬ ರಾಜನನ್ನು ತಯಾರು ಮಾಡಿದರು. ಗೀ ಕೊನೆಗೆ 1192ರಲ್ಲಿ ಸೈಪ್ರಸ್ ತೆಗೆದುಕೊಂಡು ಹೊರಟ.

ಪೋಲೆಂಡ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. 1384ರಲ್ಲಿ ಯಾದ್ವಿಗಾ ಅನ್ನೋ ಪುಟ್ಟ ಹುಡುಗಿಗೆ ಪಟ್ಟ ಕಟ್ಟಿದರು, ರಾಣಿ ಅಂತ ಅಲ್ಲ, ರಾಜ ಅಂತಲೇ. 1386ರಲ್ಲಿ ಲಿಥುವೇನಿಯಾದ ಯೊಗೈಲಾ ಆಕೆಯನ್ನು ಮದುವೆಯಾಗಿ ತಾನೂ ರಾಜನಾದ. ಆಕೆ 1399ರಲ್ಲಿ ತೀರಿಕೊಂಡಳು. ಅವನು ಮಾತ್ರ 1434ರವರೆಗೂ ಸಿಂಹಾಸನ ಬಿಡಲಿಲ್ಲ! ನೇಪಲ್ಸ್‌ನ ಒಂದನೇ ಜೊವಾನ್ನಾ ಇನ್ನೂ ಹುಷಾರು. ಮೂರನೇ ಗಂಡ ಮಯೋರ್ಕಾದ ಜೇಮ್ಸ್‌ಗೆ ರಾಜನ ಪಟ್ಟ ಇಲ್ಲ ಅಂತ ಮದುವೆಯ ಕರಾರಿನಲ್ಲೇ ಬರೆಸಿದ್ದಳು.

ಒಂದೇ ಸ್ಥಾನ, ಮೂರು ಥರದ ಗಂಡಂದಿರು. ನಾವು ಮನೆಅಳಿಯ ಅಂತೀವಲ್ಲ, ಜೇಮ್ಸ್ ಅದಾದ. ಯೊಗೈಲಾ ಮನೆಯ ಯಜಮಾನನೇ ಆಗಿಬಿಟ್ಟ. ಇವರನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಹಾಕಿ ಕೂರಿಸಿದರೆ ಆ ಕಥೆಗಳೇ ಹುಟ್ಟಲ್ಲ.

ಹಾಗಾಗಿ ಗಂಡನ ಬಿರುದಿನ ಪದ ಬದಲಾಯಿಸಿ ಅಂತಷ್ಟೇ ನಾನು ಆಟ ತಯಾರಿಸುವವರನ್ನು ಕೇಳುತ್ತಿಲ್ಲ. ಮದುವೆ ಮಾತುಕತೆಯಲ್ಲೇ ಚೌಕಾಸಿ ಇರಲಿ. ಗಂಡಿನ ಕಡೆಯವರು ಜಾಸ್ತಿ ಸೈನ್ಯ ಕೊಡುತ್ತೇವೆ, ನಮ್ಮ ಹುಡುಗನಿಗೆ ರಾಜನ ಬಿರುದು ಬೇಕು ಅನ್ನಲಿ. ನಾನು ಒಪ್ಪಿದರೆ ನನ್ನ ಸರದಾರರು ಮುನಿಸಿಕೊಳ್ಳಲಿ, ಒಪ್ಪದಿದ್ದರೆ ಗಂಡನೇ ಒಳಗೊಳಗೆ ಪಿತೂರಿ ಮಾಡಲಿ. ನಾನು ಸತ್ತ ಮೇಲೆ ಬಿರುದು ಅವನಿಗೆ ಉಳಿಯುತ್ತಾ ಇಲ್ವಾ ಅನ್ನೋದೂ ಆ ಕರಾರಿನಲ್ಲೇ ಇರಲಿ. ಆಮೇಲೆ ಪಟ್ಟಾಭಿಷೇಕದ ದಿನ ಎರಡನೇ ಕಿರೀಟವನ್ನು ನನ್ನ ಕೈಗೆ ಕೊಡಿ.