ಕಂಟೇನರ್: ಹಡಗಿನಿಂದ ಎರೆಹೊಲದವರೆಗೆ

ಕೇಳುಗರಿಗೆ ನಮಸ್ಕಾರ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸುಗ್ಗಿಯ ದಿನ ನಿಂತು ನೋಡಿದವರಿಗೆ ತಿಳಿದಿರುತ್ತದೆ: ಒಂದು ಮೆಣಸಿನಕಾಯಿ ಚೀಲ ಟ್ರ್ಯಾಕ್ಟರಿನಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಹೋಗುವಷ್ಟರಲ್ಲಿ ಹಲವು ಹಮಾಲರ ಬೆನ್ನೇರಿ ಇಳಿದಿರುತ್ತದೆ. ಕಳೆದ ಶತಮಾನದ ನಡುಭಾಗದವರೆಗೆ ಹಡಗುಗಳೂ ಹೀಗೆಯೇ ತುಂಬುತ್ತಿದ್ದವು. ಎಷ್ಟೋ ಹಡಗುಗಳು ಕಡಲಿನಲ್ಲಿ ಸಾಗಿದಷ್ಟೇ ದಿನ ಬಂದರಿನಲ್ಲಿ ಸುಮ್ಮನೆ ನಿಂತಿರುತ್ತಿದ್ದವು.

ಇದನ್ನು ಬದಲಿಸಿದ ಮಾಲ್ಕಮ್ ಮೆಕ್‌ಲೀನ್ ಹಡಗಿನ ಮನುಷ್ಯನಲ್ಲ, ಲಾರಿ ವ್ಯವಹಾರದಿಂದ ಮೇಲೆ ಬಂದ ಅಮೆರಿಕನ್. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಬಂದರಿನಲ್ಲಿ ದಿನವಿಡೀ ಕಾಯುತ್ತಿದ್ದಾಗ, ಲಾರಿಯ ಡಬ್ಬಿಯನ್ನೇ ಎತ್ತಿ ಹಡಗಿನ ಮೇಲೆ ಇಡಬಾರದೇಕೆ ಎಂದು ಹೊಳೆಯಿತೆಂದು ಅವರು ಮುಂದೆ ಹೇಳಿಕೊಂಡದ್ದುಂಟು. ಇಂಥ ಕಥೆಗಳಿಗೆ ಆಮೇಲೆ ತುಸು ಬಣ್ಣ ಏರುವುದೂ ಉಂಟು. ಅದೇನೇ ಇರಲಿ, 1956ರ ಏಪ್ರಿಲ್ 26ರಂದು ಅವರ ‘ಐಡಿಯಲ್ ಎಕ್ಸ್’ ಹಡಗು 58 ಲೋಹದ ಪೆಟ್ಟಿಗೆಗಳನ್ನು, ಅಂದರೆ ಕಂಟೇನರುಗಳನ್ನು, ಹೊತ್ತು ಅಮೆರಿಕದ ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದ ಖರ್ಚು ಸುಮಾರು 16 ಸೆಂಟಿಗೆ ಇಳಿಯಿತು.

ಲೋಹದ ಪೆಟ್ಟಿಗೆಗಳು ಅದಕ್ಕೆ ಮೊದಲೂ ಇದ್ದವು. ಇಲ್ಲದಿದ್ದುದು ಎಲ್ಲರೂ ಒಪ್ಪಿದ ಅಳತೆ. ಇಂದು ಅಗಲ 8 ಅಡಿ, ಉದ್ದ ಬಹುಮಟ್ಟಿಗೆ 20 ಇಲ್ಲವೆ 40 ಅಡಿ, ಎಂಟು ಮೂಲೆಗಳಲ್ಲಿಯೂ ಒಂದೇ ಬಗೆಯ ತೂತುಳ್ಳ ಎರಕದ ಗಟ್ಟಿಗಳು. ಕ್ರೇನು ಹಿಡಿಯುವುದು, ಟ್ರೇಲರಿನ ಬೀಗ ಕೂರುವುದು, ಒಂದರ ಮೇಲೊಂದು ಪೇರಿಸಿದಾಗ ಭಾರ ಇಳಿಯುವುದು, ಎಲ್ಲವೂ ಈ ಮೂಲೆಗಳ ಮೂಲಕವೇ. ಪಕ್ಕದ ಗೋಡೆಯಾದರೋ ಸುಮಾರು 2 ಮಿಲಿಮೀಟರ್ ದಪ್ಪದ, ಮಡಿಕೆ ಮಡಿಕೆಯಾದ ಉಕ್ಕಿನ ತಗಡು ಮಾತ್ರ.

ಮೆಣಸಿನಕಾಯಿಯಂಥ ಹಗುರ ಸರಕು ಪೆಟ್ಟಿಗೆಯ ತೂಕದ ಮಿತಿ ಮುಟ್ಟುವ ಮೊದಲೇ ಜಾಗವನ್ನು ತುಂಬಿಬಿಡುತ್ತದೆ. ಅದಕ್ಕಿರುವ ನಿಜವಾದ ಶತ್ರು ತೇವ. ಹಗಲು ಕಾದ ಪೆಟ್ಟಿಗೆ ರಾತ್ರಿ ತಣಿದಾಗ ಒಳಗಿನ ಆವಿ ಚಾವಣಿಗೆ ತಾಗಿ ಹನಿಯಾಗಿ ಉದುರುತ್ತದೆ. ಸಾಗಣೆಯವರು ಇದನ್ನು ಕಂಟೇನರ್ ಮಳೆ ಎನ್ನುತ್ತಾರೆ. ಕಾಯಿಯನ್ನು ಚೆನ್ನಾಗಿ ಒಣಗಿಸದೆ ತುಂಬಿದರೆ ಈ ಮಳೆಯಿಂದ ಬೂಷ್ಟು ಹಿಡಿಯುತ್ತದೆಯಾದ್ದರಿಂದ ತೇವ ಹೀರುವ ಚೀಲಗಳನ್ನು ಒಳಗೆ ತೂಗುಹಾಕುತ್ತಾರೆ.

ಇನ್ನು ಕಟ್ಟಡದ ಮಾತು. 2022ರ ವಿಶ್ವಕಪ್ ಫುಟ್‌ಬಾಲಿಗಾಗಿ ಕತಾರಿನಲ್ಲಿ 974 ಕಂಟೇನರುಗಳನ್ನು ಬಳಸಿ, ಕಳಚಿ ಒಯ್ಯಬಹುದಾದ ಕ್ರೀಡಾಂಗಣವನ್ನೇ ಕಟ್ಟಿದರು. ನಮ್ಮ ಕಡೆ ರಸ್ತೆ ಕಾಮಗಾರಿಯ ಕಚೇರಿಗೆ, ಚಹಾದಂಗಡಿಗೆ ಇದು ಒಗ್ಗುತ್ತದೆಂಬುದರಲ್ಲಿ ಸಂಶಯವಿಲ್ಲ. ಆದರೆ ವಾಸದ ಮನೆಗೆ? ಗದಗ ಸೀಮೆಯ ಮಣ್ಣಿನ ಮಾಳಿಗೆಯ ಕೆಳಗೆ ಏಪ್ರಿಲಿನ ಮಧ್ಯಾಹ್ನವನ್ನು ಕಳೆದವರು ತಗಡಿನ ಪೆಟ್ಟಿಗೆಯೊಳಗೆ ಹತ್ತು ನಿಮಿಷ ಕುಳಿತರೆ ಉತ್ತರ ತಾನೇ ಸಿಗುತ್ತದೆ. ಗಾಳಿಯಾಡುವಷ್ಟು ಎತ್ತರದಲ್ಲಿ ಮೇಲೊಂದು ಎರಡನೆಯ ಚಾವಣಿ, ಒಳಗೆ ಶಾಖ ತಡೆಯುವ ಪದರ ಇವೆರಡೂ ಇಲ್ಲದೆ ಅದು ಮನೆಯಾಗದೆಂದು ನನ್ನ ಅಭಿಪ್ರಾಯ. ಕೀಟನಾಶಕ ಹಚ್ಚಿರಬಹುದಾದ ಹಳೆಯ ಪ್ಲೈವುಡ್ ನೆಲವನ್ನು ಬದಲಿಸುವುದೂ ಒಳ್ಳೆಯದು.

ಧಾನ್ಯ ಕೂಡಿಡುವ ಹಗೇವಿನಂತೆ ನೆಲದಲ್ಲಿ ಹೂತರೆ ತಂಪಾಗಿರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಪೆಟ್ಟಿಗೆಯ ಮೂಲೆಗಂಬಗಳು ಮೇಲೆ ಪೇರಿಸಿದ ಎಂಟು ತುಂಬಿದ ಪೆಟ್ಟಿಗೆಗಳನ್ನು ಹೊತ್ತಾವು, ಆದರೆ ಆ ತೆಳು ಗೋಡೆಗಳು ಒತ್ತಿ ಬರುವ ಮಣ್ಣಿಗೆ ಒಳಬಾಗುತ್ತವೆ. ತೆಳುವಾದರೂ ಚೌಕಟ್ಟು ಓರೆಯಾಗದಂತೆ ಬಿಗಿಹಿಡಿಯುವುದು ಆ ಗೋಡೆಗಳೇ ಆದ್ದರಿಂದ, ಗೋಡೆ ಕೊಯ್ದು ಕಿಟಕಿ ಇಡುವಾಗ ಸುತ್ತ ಉಕ್ಕಿನ ಚೌಕಟ್ಟನ್ನು ಬೆಸೆಯಲೇಬೇಕು.

ಒಂದು ಗುಣ ಮಾತ್ರ ನಮ್ಮ ನೆಲಕ್ಕೆ ಹೇಳಿಮಾಡಿಸಿದಂತಿದೆ. ನವಲಗುಂದ, ಗದಗದ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಉದ್ದನೆಯ ಗೋಡೆಗಳು ಸೀಳುತ್ತವೆ. ಕಂಟೇನರಿಗಾದರೆ ಗಟ್ಟಿ ನೆಲ ಸಿಗುವವರೆಗೆ ಅಗೆದು ಎಬ್ಬಿಸಿದ ನಾಲ್ಕು ಕಂಬಗಳು ಸಾಕು. ಅವುಗಳಲ್ಲಿ ಒಂದು ತುಸು ಕುಸಿದರೂ ಚೌಕಟ್ಟು ಓರೆಯಾಗಿ ಬಾಗಿಲು ಬಿಗಿಯುತ್ತದೆ. ಆಗ ಆ ಮೂಲೆಗೆ ಜಾಕ್ ಕೊಟ್ಟು ಎತ್ತಿ, ಅಡಿಗೆ ಉಕ್ಕಿನ ಪಟ್ಟಿಯೊಂದನ್ನು ತೂರಿಸಿದರೆ ಬಾಗಿಲು ಮೊದಲಿನಂತೆ ತೆರೆದುಕೊಳ್ಳುತ್ತದೆ.

ನಮಸ್ಕಾರ.