ಪಾದ್ರಿಗಳು ಕುಣಿದ ನೆಲ

ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ನೆಲಹಾಸಿನಲ್ಲಿ ಒಂದು ಚಕ್ರವ್ಯೂಹವಿದೆ. 13ನೇ ಶತಮಾನದ ಆರಂಭದ್ದು. ಅಡ್ಡಳತೆ ಸುಮಾರು 13 ಮೀಟರ್, 11 ಸುತ್ತು, ನಡೆದರೆ ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು. ಈಗ ಜನ ಅದರ ಮೇಲೆ ಮೌನವಾಗಿ, ಧ್ಯಾನದಲ್ಲಿ ನಡೆಯುತ್ತಾರೆ. ಜೆರುಸಲೇಮಿಗೆ ಹೋಗಲಾಗದ ಭಕ್ತರು ಇಲ್ಲಿ ನಡೆದೇ ಯಾತ್ರೆಯ ಪುಣ್ಯ ಪಡೆಯುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಕೇಳಿಸುತ್ತದೆ. ನಡೆಯುವುದು ತಪ್ಪಲ್ಲ. ಆದರೆ ಆ ಕಥೆಯನ್ನು ಮಧ್ಯಯುಗದ ತಲೆಗೆ ಕಟ್ಟಬೇಡಿ, ಅದಕ್ಕೆ ಆ ಕಾಲದ ದಾಖಲೆಯಿಲ್ಲ.

ದಾಖಲೆ ಇರುವುದು ಫ್ರಾನ್ಸಿನದೇ ಬೇರೊಂದು ಊರಿನದು, ಓಸೇರ್‌ನದು. ಅಲ್ಲಿನ ಕೆಥೆಡ್ರಲ್‌ನಲ್ಲಿ ಈಸ್ಟರ್ ದಿನ ಮಧ್ಯಾಹ್ನ ಪಾದ್ರಿಗಳು ಚಕ್ರವ್ಯೂಹದ ಬಳಿ ಕುಣಿಯುತ್ತಿದ್ದರು. ಹೌದು, ಕುಣಿಯುತ್ತಿದ್ದರು. ಹೊಸದಾಗಿ ಸೇರಿದ ಪಾದ್ರಿ ಒಂದು ಚೆಂಡು ತಂದುಕೊಡಬೇಕು. ಪಾದ್ರಿಗಳ ಮುಖ್ಯಸ್ಥ, ಅಂದರೆ ಡೀನ್, ಅದನ್ನು ಎಡಗೈಯಲ್ಲಿ ಆನಿಸಿಕೊಂಡು 'ವಿಕ್ತಿಮೆ ಪಾಸ್ಕಾಲಿ' ಎಂಬ ಈಸ್ಟರ್ ಹಾಡು ಎತ್ತಿಕೊಂಡು ಹೆಜ್ಜೆ ಹಾಕಬೇಕು. ಉಳಿದವರು ಕೈಕೈ ಹಿಡಿದು ಚಕ್ರವ್ಯೂಹದ ಸುತ್ತ ಸುತ್ತಬೇಕು. ಎದುರಿಗೆ ಬಂದವನಿಗೆ ಡೀನ್ ಚೆಂಡು ಎಸೆಯುತ್ತಾನೆ, ಅವನು ವಾಪಸ್ ಎಸೆಯುತ್ತಾನೆ. ಜೊತೆಗೆ ಆರ್ಗನ್. ಮುಗಿದ ಮೇಲೆ ಎಲ್ಲರೂ ಊಟಕ್ಕೆ.

ಚೆಂಡಿನ ಅಳತೆಗೂ ನಿಯಮವಿತ್ತು. 1412ರಲ್ಲಿ ಅದನ್ನು ಚಿಕ್ಕದು ಮಾಡಿದರು, ಆದರೆ ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಬಾರದು ಎಂದರು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಕೈಕೈ ಹಿಡಿದಿದ್ದೀರಿ, ಚೆಂಡು ಬಂತು, ಎರಡೂ ಕೈ ಬೇಕು. ಸರಪಳಿ ಬಿಡಲೇಬೇಕು, ಎಸೆದ ಕೂಡಲೇ ಮತ್ತೆ ಕೂಡಲೇಬೇಕು. ಹಾಡು ನಿಲ್ಲುವಂತಿಲ್ಲ.

ಆ ಹಾಡೂ ಹಾಗೇ ಕಟ್ಟಿದ್ದು. ಮೊದಲ ಸಾಲು ಒಂಟಿ, ಆಮೇಲಿನವು ಜೋಡಿ ಜೋಡಿ, ಜೋಡಿಗೆ ಒಂದೇ ಧಾಟಿ. ಒಂದು ಕಡೆಯವರು ಹಾಡಿದ್ದನ್ನು ಇನ್ನೊಂದು ಕಡೆಯವರು ಮರಳಿಸಬಹುದು, ಚೆಂಡಿನ ಹಾಗೆ. ಸ್ವರಸ್ಥಾನಗಳು ನಮ್ಮ ಖರಹರಪ್ರಿಯ ರಾಗದವೇ. ಮೊದಲ ಎಂಟು ಅಕ್ಷರಗಳನ್ನು ಹಾಡಿಕೊಳ್ಳಿ: ಸ ನಿ ಸ ಗ ಮ ಗ ರಿ ಸ. ನಿಷಾದ ಕೆಳಗಿನದು. ಷಡ್ಜದಿಂದ ಒಂದು ಮೆಟ್ಟಿಲು ಇಳಿದು, ಮೇಲೇರಿ, ಮತ್ತೆ ಷಡ್ಜಕ್ಕೇ ಬರುತ್ತದೆ. ಗಮಕ ಹಾಕಬೇಡಿ, ಅಕ್ಷರಕ್ಕೊಂದು ಸ್ವರ ಸಾಕು.

ಹಾಡಿನ ಸಾಹಿತ್ಯದಲ್ಲಿ ಸಾವು ಮತ್ತು ಬದುಕು ಮುಖಾಮುಖಿ ಕಾದಾಡುತ್ತವೆ, ಸತ್ತ ಒಡೆಯ ಬದುಕಿ ಆಳುತ್ತಾನೆ. ಶಾರ್ತ್ರ್‌ನ ವ್ಯೂಹದ ನಡುಮಧ್ಯದಲ್ಲಿ ಹಿಂದೆ ಒಂದು ಲೋಹದ ಫಲಕವಿತ್ತು, ಅದರಲ್ಲಿ ವ್ಯೂಹ ಹೊಕ್ಕು ಗೆದ್ದು ಹೊರಬಂದ ಗ್ರೀಕ್ ವೀರ ಥೀಸಿಯಸ್ ಮತ್ತು ಅವನು ಅಲ್ಲಿ ಕೊಂದ ಗೂಳಿತಲೆಯ ಮಿನೋಟಾರ್ ಇದ್ದರೆಂದು ಹಳೆಯ ವರ್ಣನೆಗಳು ಹೇಳುತ್ತವೆ. ಥೀಸಿಯಸ್ ಜಾಗದಲ್ಲಿ ಕ್ರಿಸ್ತ, ಮಿನೋಟಾರ್ ಜಾಗದಲ್ಲಿ ಸೈತಾನ, ವ್ಯೂಹವೇ ನರಕ. ಸುತ್ತು 11 ಯಾಕೆ? ಒಂದು ಊಹೆ ಹೀಗಿದೆ. ಬೈಬಲಿನ ಹತ್ತು ಆಜ್ಞೆಗಳನ್ನು ಒಂದು ಹೆಜ್ಜೆ ಮೀರಿದ ಹನ್ನೊಂದು ಪಾಪದ ಸಂಖ್ಯೆ ಎಂದು ಸಂತ ಅಗಸ್ಟೀನ್ ಬರೆದಿದ್ದ. ಚಕ್ರವ್ಯೂಹ ಅಂದರೆ ನಮಗೆ ಒಳಹೊಕ್ಕು ಹೊರಬರಲಾರದ ಅಭಿಮನ್ಯು ನೆನಪಾಗುತ್ತಾನೆ. ಅವರಿಗೆ ಸತ್ತ ಮೂರನೇ ದಿನ ಎದ್ದು ಹೊರಬಂದ ಕ್ರಿಸ್ತ.

ಈ ಕುಣಿತವನ್ನು ಮತ್ತೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಎಲ್ಲರನ್ನೂ ದಾರಿಯೊಳಗೇ ನಡೆಸುತ್ತಾರೆ. ಕೆಡುವುದು ಅಲ್ಲೇ. ಶಾರ್ತ್ರ್‌ನಲ್ಲಿ ದಾರಿಯ ಅಗಲ ಸುಮಾರು 34 ಸೆಂಟಿಮೀಟರ್, ಒಬ್ಬರ ಪಾದಕ್ಕಷ್ಟೇ ಜಾಗ. ಪಕ್ಕದ ಸುತ್ತಿನವರ ಭುಜ ತಾಗುತ್ತದೆ, ತಿರುವಿನಲ್ಲಿ ಸಾಲು ಗಂಟಾಗುತ್ತದೆ, ಚೆಂಡು ಎಸೆಯುವ ಮಾತೇ ಇಲ್ಲ. ಓಸೇರ್‌ನ ಬರಹ ಹೇಳುವುದು ವ್ಯೂಹದ 'ಸುತ್ತ' ಎಂದು. ಆ ಒಂದು ಪದವನ್ನು ಗೌರವಿಸಿದರೆ ಕೈ ಬಿಡಲೂ ಕೂಡಲೂ ಜಾಗ ಸಿಗುತ್ತದೆ.

1471ರಲ್ಲಿ ಒಬ್ಬ ಹೊಸ ಪಾದ್ರಿ ಚೆಂಡು ತರಲು ಒಪ್ಪಲಿಲ್ಲ, ಜಗಳವಾಯಿತು. 1538ರಲ್ಲಿ ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯದ ತೀರ್ಪಿನೊಂದಿಗೆ ಆಟವೇ ನಿಂತಿತು. 1690ರ ಹೊತ್ತಿಗೆ ನೆಲವನ್ನೂ ಕಿತ್ತರು. ಶಾರ್ತ್ರ್‌ನ ನೆಲ ಉಳಿದಿದೆ. ಹೋದರೆ ಒಳಗೆ ಕಾಲಿಡುವ ಮೊದಲು ಹೊರಸುತ್ತಿನಲ್ಲಿ ನಿಂತು ಆ ಎಂಟು ಸ್ವರಗಳನ್ನು ಮೆಲ್ಲಗೆ ಹಾಡಿಕೊಳ್ಳಿ.